ಮೂರನೇ ಮೆಟ್ಟಿಲಿನವರೆಗೆ

ಸಮುದ್ರ ನೋಡಿ ಬರಬೇಕು ಎಂದು ಹೆಂಡತಿ ಅಂದ ದಿನ ನನಗೆ ಏನೂ ಅನ್ನಿಸಲಿಲ್ಲ. ಮದುವೆಯಾದ ಮೂವತ್ತೈದು ವರ್ಷದಲ್ಲಿ ಅವಳು ಬಾಯಿಬಿಟ್ಟು ಇಂಥದ್ದು ಬೇಕು ಎಂದು ಕೇಳಿದ್ದೇ ಕಡಿಮೆ, ಕೇಳಲಿ ಬಿಡು ಎಂದುಕೊಂಡೆ. ಆ ಸಮುದ್ರ ಕಾರವಾರದ್ದಲ್ಲ, ಗೋಕರ್ಣದ್ದೂ ಅಲ್ಲ, ಗ್ರೀಸ್ ದೇಶಕ್ಕೆ ಸೇರಿದ, ಭೂಮಧ್ಯ ಸಮುದ್ರದ ಒಂದು ಪುಟ್ಟ ದ್ವೀಪದ್ದು ಎಂದು ಮರುದಿನ ಗೊತ್ತಾದಾಗ ಮಾತ್ರ ನನ್ನ ಕಿವಿ ನೆಟ್ಟಗಾದವು.

ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುತ್ತೇನೆ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟುಕೊಂಡೇ ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ಚೀಲದ ಬಾಯಲ್ಲಿರುವ ಕಾಯಿ ಯಾವಾಗಲೂ ಚಂದವೇ ಇರುತ್ತದೆ. ಕಡುಗೆಂಪು ಬಣ್ಣ, ಹದವಾದ ಸುಕ್ಕು, ಮುಟ್ಟಿದರೆ ಗಲಗಲ ಸಪ್ಪಳ. ತೋಳು ಮೊಣಕೈತನಕ ಒಳಗೆ ಹೋದಾಗಲೇ ಬಣ್ಣ ಹೋದ ಬಿಳಿಗಾಯಿ, ತೂಕಕ್ಕೆಂದು ನೀರು ಹೊಡೆದ ಕಾಯಿ ಕೈಗೆ ಹತ್ತುವುದು. ನಮ್ಮಪ್ಪ ನನ್ನನ್ನು ಅಂಗಡಿಗೆ ಕೂರಿಸಿದ ದಿನ ಕಲಿಸಿದ್ದು ಇದೊಂದೇ ವಿದ್ಯೆ: ಯಾರನ್ನಾದರೂ ನಂಬು, ತಳ ಮುಟ್ಟಿ ನೋಡಿ ನಂಬು. ಆ ವಿದ್ಯೆ ಅಂಗಡಿಯಲ್ಲಷ್ಟೇ ಉಳಿಯಲಿಲ್ಲ. ಹಾಲಿನವನು, ಡಾಕ್ಟರು, ಮಗಳಿಗೆ ಬಂದ ವರಗಳು, ಮನೆಗೆ ಬಂದ ಸ್ವಾಮಿಗಳು, ಯಾರನ್ನೂ ನಾನು ಬಿಟ್ಟವನಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು.

ಈ ದ್ವೀಪವನ್ನು ಹುಡುಕಿದವಳು ಅವಳ ತಂಗಿ. ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅಕ್ಕ ತಂಗಿಯರ ಓಡಾಟಕ್ಕೆ ಲಗಾಮೇ ಇಲ್ಲ. ಒಬ್ಬಳು ಬರುವುದು, ಇಬ್ಬರೂ ಅಡುಗೆಮನೆಯಲ್ಲಿ ಮೊಬೈಲಿಗೆ ತಲೆ ಹಚ್ಚಿ ಕೂರುವುದು, ನಾನು ನೀರು ಕುಡಿಯಲು ಹೋದರೆ ಮಾತು ಬದನೆಕಾಯಿ ಪಲ್ಯಕ್ಕೆ ತಿರುಗುವುದು. ಫೋಟೋ ತೋರಿಸಿದರು, ಇಲ್ಲವೆನ್ನುವುದಿಲ್ಲ. ಸುಣ್ಣ ಬಳಿದ ಮನೆಗಳು, ನೀಲಿ ಬಾಗಿಲು, ಅದಕ್ಕಿಂತ ನೀಲಿ ನೀರು. ಒಂದು ಫೋಟೋದಲ್ಲೂ ಒಂದು ನಾಯಿ ಇಲ್ಲ, ಒಂದು ಗಟಾರ ಇಲ್ಲ. ಮನುಷ್ಯರಿರುವ ಊರಿನಲ್ಲಿ ಗಟಾರ ಇರಲೇಬೇಕು. ಇದು ಚೀಲದ ಬಾಯಿ ಎಂದು ನನಗೆ ಖಾತ್ರಿಯಾಯಿತು.

ಮೊದಲ ಅನುಮಾನ ಹಾವೇರಿಯ ಟಿಕೆಟ್ ಏಜೆಂಟನ ಮೇಲೆ. ಗುತ್ತಲ ರಸ್ತೆಯ ಕಡೆ ಯಾವುದೋ ಕೆಲಸವಿದೆ ಎಂದು ಹೇಳಿ ಹಾವೇರಿ ಬಸ್ಸು ಹತ್ತಿದೆ. ಅವನ ಆಫೀಸಿನಲ್ಲಿ ಅರ್ಧ ತಾಸು ಕುಳಿತು, ಬಂದು ಹೋಗುವ ಗಿರಾಕಿಗಳ ಮುಖ ನೋಡಿದೆ. ಮೋಸ ಹೋದವರ ಹಾಗೆ ಯಾರೂ ಕಾಣಲಿಲ್ಲ. ಆಮೇಲೆ ನಾನು ಇಂಥವರ ಗಂಡ ಎಂದು ಹೇಳಿದೆ. ಅವನು ಚಹಾ ತರಿಸಿ ನಮ್ಮ ಕಡತ ಬಿಚ್ಚಿದ. ಒಳಗೆ ಇದ್ದದ್ದು ಎರಡು ಪಾಸ್‌ಪೋರ್ಟು. ಹೆಂಡತಿಯದು ಒಂದು, ಅವಳ ತಂಗಿಯದು ಒಂದು. ಹಿಂದೊಮ್ಮೆ ಶ್ರೀಲಂಕಾಕ್ಕೆ ಹೋಗಿ ಬರೋಣವೆಂದು ನಾನೂ ಹೆಂಡತಿಯೂ ಒಟ್ಟಿಗೇ ಮಾಡಿಸಿದ್ದೆವು, ನನ್ನದೂ ಅದೇ ಕಪಾಟಿನಲ್ಲಿತ್ತು. ಮೂರನೆಯದು ಯಾಕಿಲ್ಲ ಎಂದೆ. ಇಬ್ಬರೇ ಹೋಗುವುದು ಅಂದಾರಲ್ಲರೀ ಎಂದು ಅವನು ಗಾಬರಿಯಾದ.

ಹಾವೇರಿಯಿಂದ ಬ್ಯಾಡಗಿ ತಲುಪುವಷ್ಟರಲ್ಲಿ ನನ್ನ ಸಂಶಯ ಏಜೆಂಟನನ್ನು ಬಿಟ್ಟು ನಮ್ಮ ಮನೆಯೊಳಕ್ಕೆ ಬಂದಿತ್ತು. ಸಿಟ್ಟೂ ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆ. ನನ್ನನ್ನು ಬಿಟ್ಟು ಹೋಗುವಂಥದ್ದು ಏನಿದೆ ಅಲ್ಲಿ? ಹೆಂಡತಿ ಮುಚ್ಚಿಡಲಿಲ್ಲ, ಹೌದು ಎಂದಳು. ಕಾರಣಗಳನ್ನೂ ಕೊಟ್ಟಳು. ಆ ಊರಿನ ತುಂಬ ಮೆಟ್ಟಿಲು, ನನ್ನ ಮೊಣಕಾಲಿಗೆ ಆಗುವುದಿಲ್ಲವಂತೆ. ಅಲ್ಲಿ ಜೋಳದ ರೊಟ್ಟಿ ಸಿಗುವುದಿಲ್ಲ, ನನಗೆ ರೊಟ್ಟಿ ಇಲ್ಲದೆ ನಡೆಯುವುದಿಲ್ಲವಂತೆ. ಅಂಗಡಿ ಬೇರೆ ನೋಡಬೇಕಲ್ಲ ಎಂದಳು. ಅವರು ಹೊರಡಬೇಕಿದ್ದದ್ದು ಸೆಪ್ಟೆಂಬರಿನಲ್ಲಿ. ಸೆಪ್ಟೆಂಬರಿನಲ್ಲಿ ಮೆಣಸಿನಕಾಯಿ ಅಂಗಡಿಯವನಿಗೆ ನೊಣ ಹೊಡೆಯುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು ಕಾರಣ ಹೇಳಿದವನನ್ನು ನಂಬಬಹುದು, ಮೂರು ಕಾರಣ ಹೇಳುವವನ ಮಾಲು ಹಸಿ ಇರುತ್ತದೆ.

ಅಂದಿನಿಂದ ನಾನು ಅವಳ ಮೇಲೆ ಕಣ್ಣಿಟ್ಟೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಇಟ್ಟದ್ದು ಖರೆ. ಒಂದು ಬುಧವಾರ ಬೆಳಿಗ್ಗೆ ಅವಳು ಬಚ್ಚಲಿನಿಂದ ಹೊರಗೆ ಬಂದಾಗ ಮುಖ, ಮುಂದಲೆ ಎಲ್ಲ ತೊಯ್ದಿತ್ತು. ಓಡಿ ಬಂದವಳ ಹಾಗೆ ಏದುಸಿರು ಬಿಡುತ್ತಿದ್ದಳು. ಅವಳು ತಲೆಗೆ ಎರೆದುಕೊಳ್ಳುವುದು ಶುಕ್ರವಾರ. ಕೇಳಿದರೆ ಸೆಕೆ ಎಂದಳು. ಮರುದಿನವೂ ಹಾಗೇ. ಒಳಗೆ ಬಹಳ ಹೊತ್ತು ಸಪ್ಪಳವೇ ಇರುವುದಿಲ್ಲ, ಆಮೇಲೆ ಒಮ್ಮೆಲೇ ನೀರು ಚೆಲ್ಲಿದ ಸಪ್ಪಳ, ದೊಡ್ಡದೊಂದು ಉಸಿರು. ಏನಾದರೂ ರೋಗವಿದ್ದು ನನ್ನಿಂದ ಮುಚ್ಚಿಡುತ್ತಿದ್ದಾಳೆಯೇ ಎಂದು ಎರಡು ದಿನ ಊಟ ಸೇರಲಿಲ್ಲ. ಸಾಯುವ ಮುಂಚೆ ಸಮುದ್ರ ನೋಡಬೇಕೆಂದು ಹೊರಟಿರಬಹುದೇ ಎಂದೂ ಹೊಳೆಯಿತು.

ಆ ದ್ವೀಪದಲ್ಲಿ ಇವರಿಗೆ ಮನೆ ಕೊಡುವವಳು ಒಬ್ಬ ವಯಸ್ಸಾದ ಹೆಂಗಸು. ಮೇಲಿನ ಮನೆಯಲ್ಲಿ ತಾನಿದ್ದು ಕೆಳಗಿನ ಎರಡು ಕೋಣೆ ಬಾಡಿಗೆಗೆ ಕೊಡುತ್ತಾಳಂತೆ. ಮನೆಯನ್ನು ವಿಡಿಯೋದಲ್ಲಿ ನಾನು ನೋಡದ ಹೊರತು ಯಾವುದೂ ಪಕ್ಕಾ ಆಗಕೂಡದು ಎಂದು ಹಠ ಹಿಡಿದೆ. ನಾದಿನಿ ಬ್ಯಾಡಗಿಗೆ ಬಂದಳು, ನಾವು ಮೂವರೂ ಸೋಫಾದಲ್ಲಿ ಕುಳಿತೆವು. ಅಲ್ಲಿ ಮಧ್ಯಾಹ್ನ, ಇಲ್ಲಿ ಚಹಾದ ಹೊತ್ತು. ಆಕೆ ಹಾಸಿಗೆಯ ಮೇಲೆ ಹೂವಿಟ್ಟು ತೋರಿಸಿದಳು. ಹಾಸಿಗೆ ಎತ್ತಿ ಕೆಳಗೆ ತೋರಿಸಲು ಹೇಳು ಎಂದೆ. ನಾದಿನಿಯ ಮುಖ ಸಣ್ಣದಾಯಿತು, ಆದರೂ ಹೇಳಿದಳು. ನಲ್ಲಿ ತಿರುಗಿಸಲು ಹೇಳಿದೆ, ಕಪಾಟು ತೆರೆಸಿದೆ, ಹಿತ್ತಲು ಎಲ್ಲಿ ಎಂದೆ, ಗಟಾರ ಎಲ್ಲಿ ಎಂದೆ. ಗಟಾರ ಇತ್ತು. ಅದರ ಪಕ್ಕ ಒಂದು ಕುಂಟ ನಾಯಿಯೂ ಇತ್ತು. ನನಗೆ ಸ್ವಲ್ಪ ಸಮಾಧಾನವಾಯಿತು. ನಿಮ್ಮ ಭಾವ ಪೊಲೀಸರೇ ಎಂದು ಆ ಹೆಂಗಸು ಕೇಳಿದಳಂತೆ. ಅಲ್ಲ, ಮೆಣಸಿನಕಾಯಿ ವ್ಯಾಪಾರಿ ಎಂದು ನಾದಿನಿ ಹೇಳಿದ್ದಕ್ಕೆ ಆಕೆ ಬಹಳ ಹೊತ್ತು ನಕ್ಕಳು.

ಕೊನೆಗೆ ಆಕೆ ಮೊಬೈಲು ಹಿಡಿದುಕೊಂಡು ಮನೆಯ ಹಿಂದಿನಿಂದ ಇಳಿದಳು. ಅಲ್ಲಿ ಉಸುಕಿನ ದಂಡೆ ಇರಲಿಲ್ಲ. ಬಂಡೆ ಕಡಿದು ಮಾಡಿದ ಮೆಟ್ಟಿಲುಗಳು ನೇರ ನೀರಿನೊಳಕ್ಕೇ ಹೋಗಿದ್ದವು. ಅಲ್ಲಿಯವರೆಗೆ ಒಂದು ಮಾತನ್ನೂ ಆಡದೆ ಕುಳಿತಿದ್ದ ನನ್ನ ಹೆಂಡತಿ ಮುಂದಕ್ಕೆ ಬಾಗಿದಳು.

‘ತಳದಾಗ ಕಲ್ಲು ಅದಾವೇನು ಕೇಳು. ನೀರು ಹೊರಗ ಎಳೀತೈತೋ, ಬಾಜೂಕ ಎಳೀತೈತೋ?’

ನಾದಿನಿ ನನ್ನ ಕಡೆ ಕಳ್ಳನೋಟ ಬೀರಿ ಕೇಳಿದಳು. ನೀರಿನೊಳಗೆ ಮೂರು ಮೆಟ್ಟಿಲು ಕಾಲಿಗೆ ಸಿಗುತ್ತವೆ, ಅದರಾಚೆ ಆಳ, ಕಲ್ಲಿಲ್ಲ, ಸೆಳೆತ ಮಧ್ಯಾಹ್ನದ ಮೇಲೆ ಸ್ವಲ್ಪ ಎಡಕ್ಕೆ ಎಂದು ಉತ್ತರ ಬಂತು. ಹೆಂಡತಿ ತಲೆಯಾಡಿಸಿ ಹಿಂದಕ್ಕೆ ಒರಗಿದಳು. ಅವಳ ಮುಖದಲ್ಲಿದ್ದ ನೆಮ್ಮದಿಯನ್ನು ನಾನು ನಮ್ಮ ಮನೆಯಲ್ಲಿ ಎಂದೂ ನೋಡಿರಲಿಲ್ಲ.

ಗಿರಾಕಿ ಎಂಥವನು ಎಂದು ಅವನು ಕೇಳುವ ಪ್ರಶ್ನೆಯಿಂದಲೇ ನಮಗೆ ತಿಳಿಯುತ್ತದೆ. ಬಣ್ಣ ಕೇಳುವವನು ಹೊಸಬ, ಬೀಜ ಎಷ್ಟು ಎಂದು ಕೇಳುವವನು ಪಳಗಿದವನು. ಸಮುದ್ರ ನೋಡಲು ಹೋಗುವ ಹೆಂಗಸು ಭಯವಿಲ್ಲವೇ ಎಂದು ಕೇಳಿಯಾಳು, ಮೊಸಳೆ ಇದೆಯೇ ಎಂದೂ ಕೇಳಿಯಾಳು. ಸೆಳೆತ ಯಾವ ಕಡೆ ಎಂದು ಕೇಳುವವಳಿಗೆ ನೀರು ಗೊತ್ತು. ಬ್ಯಾಡಗಿಯಲ್ಲಿ ಹೊಳೆಯಿಲ್ಲ. ಇವಳಿಗೆ ನೀರು ಗೊತ್ತಾದದ್ದು ಎಲ್ಲಿ?

ಶನಿವಾರ ಕದರಮಂಡಲಗಿ ಹನುಮಪ್ಪನಿಗೆ ಹೋಗಿ ಬರುತ್ತೇನೆ ಎಂದು ಮನೆಯಲ್ಲಿ ಹೇಳಿ ರಾಣೆಬೆನ್ನೂರಿನ ಬಸ್ಸು ಹತ್ತಿದೆ. ಅಲ್ಲಿಂದ ಐರಣಿಗೆ. ದೇವರ ಹೆಸರಲ್ಲಿ ಸುಳ್ಳು ಹೇಳಿದವನು ಆ ಮನೆಯಲ್ಲಿ ನಾನೊಬ್ಬನೇ ಎಂಬುದು ದಾರಿಯಲ್ಲಿ ಹೊಳೆಯದೆ ಇರಲಿಲ್ಲ. ಐರಣಿ ಹೆಂಡತಿಯ ತವರು, ತುಂಗಭದ್ರೆಯ ದಂಡೆಯಲ್ಲೇ ಇದೆ. ಅಲ್ಲಿ ಈಗ ಉಳಿದ ಹಿರಿಯರೆಂದರೆ ಅವಳ ಕಾಕಾ, ಅಂದರೆ ಅಪ್ಪನ ತಮ್ಮ, ಎಂಬತ್ತು ದಾಟಿದ ಮುದುಕ. ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದವರು ನನ್ನನ್ನು ಕಂಡು ಎದ್ದು ನಿಂತರು. ನೀರು, ಚಹಾ, ಉಪ್ಪಿಟ್ಟು ಎಲ್ಲ ಆಯಿತು. ಸುತ್ತಿ ಬಳಸಿ ಮಾತು ಹೊಳೆಗೆ ತಂದು, ನಿಮ್ಮ ಮಗಳಿಗೆ ಈಸು ಬರುತ್ತಿತ್ತೇ ಎಂದು ಕೇಳಿದೆ.

ಮುದುಕರು ಹಗ್ಗ ಕೆಳಗಿಟ್ಟರು. ಬರುತ್ತಿತ್ತೇ ಎಂದು ಏನು ಕೇಳುತ್ತೀರಿ ಎಂದರು. ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ತಾವೇ ಕಲಿಸಿದ್ದಂತೆ. ಒಂದೇ ಬೇಸಿಗೆಯಲ್ಲಿ ಬುರುಡೆ ಬಿಚ್ಚಿ ಎಸೆದಳಂತೆ. ಹನ್ನೆರಡು ವರ್ಷಕ್ಕೆ ಹೊಳೆ ದಾಟಿ ಆಚೆ ದಂಡೆಯ ಹೊಲದಿಂದ ಸೌತೆಕಾಯಿ ಕಿತ್ತುಕೊಂಡು ಬರುತ್ತಿದ್ದಳಂತೆ. ಹುಡುಗರೂ ಅವಳ ಸರಿಸಮ ಇರಲಿಲ್ಲವಂತೆ.

ನನಗೆ ಯಾಕೆ ಯಾರೂ ಹೇಳಲಿಲ್ಲ ಎಂದೆ. ನನ್ನ ದನಿ ಸ್ವಲ್ಪ ಗಟ್ಟಿಯಾಗಿಯೇ ಬಂತು.

‘ಹೇಳಿದ್ವಲ್ಲ ಅಳಿಯಾರ. ನಿಮ್ಮ ಲಗ್ನ ಆದ ವರ್ಷ, ಸಂಕ್ರಮಣದ ದಿನ, ಎಲ್ಲಾರೂ ಹೊಳಿ ದಂಡಿಗೆ ಬುತ್ತಿ ಕಟ್ಕೊಂಡು ಹೋಗಿದ್ವಿ. ಒಂದ್ಸಲ ದಾಟಿ ತೋರ್ಸವ್ವಾ ನಿನ್ನ ಗಂಡಗ ಅಂತ ನಾನ ಅಂದೆ. ಆಕಿ ಮೊಣಕಾಲತನಾ ಇಳದಿದ್ಲು. ನೀರಾಗ ಬಿದ್ದು ಈಸೂದು ಎಮ್ಮಿ ಕೆಲಸ, ನಮ್ಮ ಮನಿ ಸೊಸಿದಲ್ಲ ಅಂದ್ರಿ ನೀವು. ಎಲ್ಲಾರೂ ನಕ್ರು. ಆಕಿ ಮ್ಯಾಲೆ ಬಂದು ಸೀರಿ ಹಿಂಡ್ಕೊಂಡ್ಲು. ಅವತ್ತ ಕಡೀ.’

ನನಗೆ ಆ ಮಾತು ನೆನಪಿರಲಿಲ್ಲ. ಸಜ್ಜೆ ರೊಟ್ಟಿ ನೆನಪಿತ್ತು, ಎಣ್ಣೆಗಾಯಿ ನೆನಪಿತ್ತು, ಹೊಸ ಅಳಿಯನ ಒಂದು ಮಾತಿಗೆ ಇಡೀ ದಂಡೆ ನಕ್ಕದ್ದೂ ನೆನಪಿತ್ತು. ಏನು ಅಂದದ್ದಕ್ಕೆ ನಕ್ಕರು ಎಂಬುದೊಂದೇ ಮರೆತಿತ್ತು. ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು ಎಂದು ಎಷ್ಟೋ ರೈತರಿಗೆ ನಾನೇ ಬುದ್ಧಿ ಹೇಳಿದ್ದೇನೆ. ಮೂವತ್ತೈದು ವರ್ಷ ಊರವರ ಚೀಲಕ್ಕೆಲ್ಲ ಕೈ ಹಾಕಿದೆ. ನನ್ನ ಮನೆಯಲ್ಲಿ ತಳಕ್ಕೆ ಬಿದ್ದಿದ್ದು ನನ್ನದೇ ಮಾತು.

ಹೊರಟಾಗ ಮುದುಕರು ಅಟ್ಟದಿಂದ ಏನೋ ಇಳಿಸಿ, ಸೀರೆಯ ಹಳೆಯ ತುಂಡಿನಲ್ಲಿ ಸುತ್ತಿ ಕೊಟ್ಟರು. ಅದನ್ನು ಒಂದು ಚೀಲದ ತಳದಲ್ಲಿಟ್ಟು ಮೇಲೆ ಎಳೆ ಬದನೆಕಾಯಿ ತುಂಬಿದರು. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಇಷ್ಟು ವರ್ಷ ಒಮ್ಮೆಯೂ ಯಾಕೆ ಅನ್ನಲಿಲ್ಲ ಇವಳು ಎಂದು ಅವಳ ಮೇಲೆಯೇ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ.

ಮನೆಗೆ ಬಂದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಕುಂಕುಮ ಎಲ್ಲಿ ಎಂದಳು. ಚೀಲ ಕೆಳಗಿಟ್ಟೆ. ಹನುಮಪ್ಪನ ಗುಡಿಗೆ ಹೋದವರಿಗೆ ಬದನೆಕಾಯಿ ಕೊಟ್ಟವರು ಯಾರು ಎಂದು ಎದ್ದು, ಹಿಟ್ಟಿನ ಕೈ ಒರೆಸಿಕೊಂಡು ಚೀಲದ ಹತ್ತಿರ ಬಂದಳು. ಮೇಲಿನ ಬದನೆಕಾಯಿಯ ಕಡೆ ನೋಡಲೂ ಇಲ್ಲ. ಮೊಣಕೈತನಕ ತೋಳು ಇಳಿಸಿ ನೇರ ತಳಕ್ಕೆ ಕೈ ಹಾಕಿದಳು. ನನ್ನ ಜೊತೆ ಇದ್ದು ಅವಳೂ ಕಲಿತದ್ದು ಅದನ್ನೇ.

ಸೀರೆಯ ತುಂಡು ಬಿಚ್ಚಿದಳು. ಸೋರೆ ಬುರುಡೆ. ಅಡ್ಡ ಕಟ್ಟಿದ್ದ ಹಗ್ಗ ಮಾತ್ರ ಹೊಸದು, ಕಾಕಾ ಕಟ್ಟೆಯ ಮೇಲೆ ಹೊಸೆಯುತ್ತಿದ್ದದ್ದು. ಅವಳು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಎಲ್ಲಾದರೂ ತೂತಿದೆಯೇ ಎಂದು ಹೆಬ್ಬೆರಳಿನಿಂದ ಸುತ್ತಲೂ ಮುಟ್ಟಿ ನೋಡಿದಳು.

ತಪ್ಪಾಯಿತು ಎಂದೆ. ಅವಳು ತಲೆಯೆತ್ತಲಿಲ್ಲ. ಕಾರವಾರಕ್ಕೆ ಹೋದರೆ ಬ್ಯಾಡಗಿ ಪೇಟೆಯ ಅರ್ಧ ಜನ ಅಲ್ಲೇ ಇರುತ್ತಾರೆ, ಅವರೂ ನಗುತ್ತಾರೆ, ಅದಕ್ಕೇ ಅಷ್ಟು ದೂರ ಹುಡುಕಿದ್ದು ಎಂದು ಬುರುಡೆಗೆ ಹೇಳುವವಳ ಹಾಗೆ ಹೇಳಿದಳು. ಬಚ್ಚಲಿನಲ್ಲಿ ಬಕೆಟ್ಟಿಗೆ ಮುಖ ಮುಳುಗಿಸಿ ಉಸಿರು ಹಿಡಿಯುವುದನ್ನು ಅಭ್ಯಾಸ ಮಾಡುತ್ತಿದ್ದಳಂತೆ. ಮೊದಲು ಮೂವತ್ತು ಎಣಿಸುವವರೆಗೂ ಆಗುತ್ತಿರಲಿಲ್ಲ, ಈಗ ಐವತ್ತು ದಾಟುತ್ತದೆ ಎಂದಳು. ರೋಗವಲ್ಲವೆಂದು ತಿಳಿದು ನನಗೆ ಅಳು ಬಂದಿತು. ತೋರಿಸಿಕೊಳ್ಳಲಿಲ್ಲ.

ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಅವಳು ಹೋಗಿ ಅದನ್ನು ತೆಗೆದು, ಒಲೆ ಸಣ್ಣಗೆ ಮಾಡಿ ಮರಳಿ ಬಂದಳು. ಬುರುಡೆಯನ್ನು ನನ್ನ ಕೈಗೆ ಕೊಟ್ಟಳು.

‘ಇದು ಈಸು ಬರದವರಿಗೆ. ನನಗ್ಯಾಕ?’

ನಾನು ಅದನ್ನು ಹಿಡಿದುಕೊಂಡೇ ನಿಂತಿದ್ದೆ. ನನ್ನ ಪಾಸ್‌ಪೋರ್ಟು ಕಪಾಟಿನಲ್ಲಿ ಯಾವ ಖಾನೆಯಲ್ಲಿದೆ ಎಂದು ಕೇಳಿದಳು. ಹೇಳಿದೆ.

‘ಮೂರನೇ ಮೆಟ್ಲತನಾ ಬರ್ರಿ. ಅಲ್ಲೇ ಕುಂತು ನೋಡ್ರಿ. ಅದರ ಮುಂದ ನಾ ಒಬ್ಬಾಕೀನ ಹೊಕ್ಕೇನಿ.’

ಯಾಕೆ ಎಂದು ನಾನು ಕೇಳಲಿಲ್ಲ.