ದೆವ್ವದ ಚಿತ್ರದ ವಾರ್ಷಿಕ

ಬೇಲೂರಿನ ತಾಲ್ಲೂಕು ಕಚೇರಿಯ ಗುಮಾಸ್ತ ಸಂಪತ್ತಯ್ಯಂಗಾರರ ಪಂಚಾಂಗದಲ್ಲಿ ಏಕಾದಶಿಗಳ ಜೊತೆಗೆ ಕೆಂಪು ಶಾಯಿಯ ಇನ್ನೊಂದು ಗುರುತು ಇರುತ್ತದೆ. ಅದು ನಮ್ಮೂರಿನ ಟೆಂಟ್ ಸಿನಿಮಾಕ್ಕೆ ಮೊದಲ ದೆವ್ವದ ಚಿತ್ರ ಬಂದ ದಿನ. ಇಂಗ್ಲಿಷ್ ತಾರೀಖು ಅವರಿಗೆ ಒಗ್ಗದು. ‘ಚೈತ್ರ ಬಹುಳ ತದಿಗೆ ಕಣ್ರೀ, ತಿಥಿ ತಪ್ಪಬಾರದು’ ಎಂದು ಟೆಂಟಿನ ಮಾಲೀಕ ಹನುಮಂತಯ್ಯನಿಗೆ ತಿಂಗಳ ಮೊದಲೇ ನೆನಪಿಸಿ, ಅದೇ ಹಳೆಯ ರೀಲನ್ನು ಅರಸೀಕೆರೆಯಿಂದ ತರಿಸುತ್ತಾರೆ. ‘ಸ್ವಾಮಿ, ಅದ್ರಲ್ಲಿ ಗೆರೆ ಬಿಟ್ರೆ ಏನೂ ಕಾಣಾಕಿಲ್ಲ’ ಎಂದು ಅವನು ಗೊಣಗಿದರೂ ಬಿಡುವುದಿಲ್ಲ. ಚೈತ್ರವೇ ಅಧಿಕವಾಗಿ ಬಂದ ವರ್ಷ ಎರಡು ಸಲ ನೋಡಿದರು. ಆ ದಿನ ಕಚೇರಿಗೆ ರಜ, ಒಗೆದ ಕಚ್ಚೆಪಂಚೆ, ಹೆಂಡತಿ ಸೌಮ್ಯನಾಯಕಿಯೊಡನೆ ಮೊದಲ ಆಟ. ಇವರು ಗಂಡಸರ ಕಡೆ, ಆಕೆ ತಡಿಕೆಯ ಆಚೆ ಹೆಂಗಸರ ಕಡೆ. ದೆವ್ವ ಬಾವಿಯಿಂದ ಮೇಲೇಳುವಾಗ ಊರೆಲ್ಲ ಪರದೆ ನೋಡಿದರೆ ಇವರೊಬ್ಬರು ತಡಿಕೆಗೆ ಕಿವಿಗೊಡುತ್ತಾರೆ. ಮೊದಲ ವರ್ಷ ಅದೇ ಘಟ್ಟದಲ್ಲಿ, ಎಲ್ಲರೂ ಉಸಿರು ಬಿಗಿಹಿಡಿದಿದ್ದಾಗ, ಆಗಷ್ಟೇ ಮದುವೆಯಾಗಿ ಬಂದಿದ್ದ ಸೌಮ್ಯನಾಯಕಿ ಗೊಳ್ಳೆಂದು ನಕ್ಕಿದ್ದಳು. ಅದನ್ನು ಕೇಳಿ ಇಡೀ ಟೆಂಟೇ ನಕ್ಕಿತ್ತು. ದಾರಿಯಲ್ಲಿ ಇವರು, ‘ದೇವಸ್ಥಾನದ ಮನೆತನದೋರು ಹಾಗೆ ನಗ್ತಾರೇನೇ’ ಎಂದು ಗದರಿದ್ದರು. ಅದಾಗಿ ಹನ್ನೊಂದು ವರ್ಷ. ಈ ಸಲವೂ ತಡಿಕೆಯ ಆಚೆಯಿಂದ ಸದ್ದು ಬರಲಿಲ್ಲ. ಮನೆಗೆ ಹೋಗುವಾಗ ಅವರು ಮೆಲ್ಲಗೆ ಕೇಳಿದ್ದು ಹಿಂದೆ ಬರುತ್ತಿದ್ದ ನನಗೂ ಕೇಳಿಸಿತು: ‘ಆ ದೆವ್ವ ನೋಡಿ ನಗು ಬರ್ಲಿಲ್ವೇನೇ?’ ‘ಬಂತು,’ ಎಂದಳು ಆಕೆ. ‘ತಡ್ಕೊಂಡೆ.’