ಮೇಲಿನ ಮನೆಯಲ್ಲಿ ಬೆಲ್ಲಿ ಡ್ಯಾನ್ಸ್

ಗರ್ಭಕೋಶ ತೆಗೆಸಿಕೊಂಡು ಮನೆಗೆ ಬಂದ ವಾರ ನೆಂಟರು ನೋಡಲು ಬಂದಿದ್ದರು. ನನ್ನ ಅತ್ತೆ ಅವರೆಲ್ಲರ ಮುಂದೆ, "ಎರಡು ಮಕ್ಕಳಾಯ್ತಲ್ಲ ಬುಡಿ, ಆ ಒಟ್ಟೆಗೆ ಇನ್ನೇನ್ ಕೆಲ್ಸ ಐತೆ" ಅಂದರು. ನೆಂಟರು ನಕ್ಕರು. ನಾನೂ ನಕ್ಕೆ. ಹಾಗೆ ನಕ್ಕಿದ್ದಕ್ಕೆ ನನಗೆ ಇವತ್ತಿಗೂ ನನ್ನ ಮೇಲೇ ಸಿಟ್ಟಿದೆ.

ಸೊಂಟದ ನೋವಿಗೆಂದು ಫೋನಿನಲ್ಲಿ ವ್ಯಾಯಾಮ ಹುಡುಕುತ್ತಿದ್ದೆ. ಒಂದು ವಿಡಿಯೊ ಮುಗಿದು ತಾನಾಗಿಯೇ ಇನ್ನೊಂದು ಶುರುವಾಯಿತು. ಯಾವುದೋ ದೇಶದ ಹೆಂಗಸು, ಹೆಚ್ಚುಕಡಿಮೆ ನನ್ನದೇ ವಯಸ್ಸು, ನನ್ನಂಥದ್ದೇ ಜೋತುಬಿದ್ದ ಹೊಟ್ಟೆ. ಅದನ್ನು ಒಳಗೆಳೆದುಕೊಳ್ಳುವ ಗೋಜಿಗೂ ಹೋಗದೆ, ಸೊಂಟಕ್ಕೆ ನಾಣ್ಯಗಳ ಪಟ್ಟಿ ಕಟ್ಟಿಕೊಂಡು ನಗುತ್ತಾ ನಿಂತಿದ್ದಳು. ಬೆಲ್ಲಿ ಡ್ಯಾನ್ಸ್, ಪಾಠ ಒಂದು. ಒಟ್ಟು ನಲವತ್ತು ಪಾಠಗಳಿದ್ದವು. ಅವಳ ಇಂಗ್ಲಿಷ್ ನನಗೆ ಅರ್ಧ ತಿಳಿಯಿತು, ಹೊಟ್ಟೆ ಪೂರ್ತಿ ತಿಳಿಯಿತು.

ನಮ್ಮದು ಬಾಗಲಗುಂಟೆ. ಯಜಮಾನರ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕು ಮಹಡಿ ಎದ್ದಿದೆ. ಕೆಳಗೆ ನಾವು, ಮೇಲೆಲ್ಲ ಬಾಡಿಗೆಯವರು. ಟೆರೇಸಿನ ಮೇಲಿರುವ ಒಂದು ರೂಮಿನ ಮನೆ ಆಗ ಖಾಲಿ ಬಿದ್ದಿತ್ತು. ಯಜಮಾನರು ಕಟ್ಟಡದ ಕೆಲಸ ನೋಡಲು ಹೋದ ಮೇಲೆ, ಅತ್ತೆ ಟಿ.ವಿ. ಮುಂದೆ ಕೂತ ಮೇಲೆ, ನೀರಿನ ಮೋಟಾರ್ ಹಾಕಿ, ಟ್ಯಾಂಕ್ ನೋಡಿಕೊಂಡು ಬರ್ತೀನಿ ಎಂದು ಮೇಲೆ ಹತ್ತುತ್ತಿದ್ದೆ. ಟ್ಯಾಂಕ್ ತುಂಬಲು ಮುಕ್ಕಾಲು ಗಂಟೆ ಬೇಕು. ದಿನದಲ್ಲಿ ಅಷ್ಟು ಹೊತ್ತು ಮಾತ್ರ ನನ್ನದು.

ಬಾಡಿಗೆಯವರು ಯಾರೋ ಬಿಟ್ಟುಹೋದ ಬೀರುವಿನಲ್ಲಿ ಉದ್ದದ ಕನ್ನಡಿಯಿತ್ತು. ಫೋನನ್ನು ಕಿಟಕಿಗೆ ಒರಗಿಸಿ, ಕೆಳಗಿನ ಮನೆಗೆ ಕೇಳಿಸದಿರಲೆಂದು ಸದ್ದು ಆರಿಸಿ, ಮನಸ್ಸಿನಲ್ಲೇ ಎಣಿಸಿಕೊಂಡು ಕಲಿತೆ. ನೈಟಿಯ ಮೇಲೆ ಮಗಳ ಹಳೇ ದುಪಟ್ಟಾ ಬಿಗಿದುಕೊಳ್ಳುತ್ತಿದ್ದೆ. ನಾಣ್ಯದ ಪಟ್ಟಿಯನ್ನು ಎಲ್ಲಿಂದ ತರಲಿ? ಬಾಡಿಗೆ ಮನೆಗಳ ಬೀಗದ ಕೈಗಳೆಲ್ಲ ಇದ್ದ ಗೊಂಚಲನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಎಲ್ಲ ಮನೆಗಳೂ ನನ್ನ ಸೊಂಟದಲ್ಲಿ ಝಣಝಣ ಅನ್ನುತ್ತಿದ್ದವು.

ಹನ್ನೊಂದನೇ ಪಾಠ ಸತಾಯಿಸಿತು. ಮಂಡಿಗಳನ್ನು ಒಂದಾದ ಮೇಲೊಂದು ಬೇಗಬೇಗ ಮಡಿಸಿದರೆ ಸೊಂಟ ತಾನೇ ನಡುಗಬೇಕು. ಹದಿನೈದು ದಿನ ಒದ್ದಾಡಿದರೂ ಬರಲಿಲ್ಲ. ಈ ನಡುವೆ ಯಜಮಾನರು, ಸೋಮವಾರ ಮೇಲಿನ ಮನೆಗೆ ಬಾಡಿಗೆಯವರು ಬರ್ತಾರೆ ಅಂದರು.

"ಆ ಮನೆ ಹಂಗೇ ಇರ್ಲಿ ಬಿಡ್ರೀ, ನಂಗೆ ಬೇಕು," ಅಂದೆ.

"ಖಾಲಿ ಇಟ್ಕೊಂಡು ಏನ್ ಮಾಡ್ತೀಯಾ? ಕುಣೀತೀಯಾ?" ಎಂದು ಮೊಸರನ್ನ ಕಲಸತೊಡಗಿದರು.

ಮರುದಿನ ಶುಕ್ರವಾರ. ತಲೆಗೆ ಸ್ನಾನ ಮಾಡಿದ್ದರಿಂದ ಕೂದಲು ಬಿಟ್ಟುಕೊಂಡೇ ಮೇಲೆ ಹೋದೆ. ಇನ್ನು ಎರಡು ದಿನವಷ್ಟೇ ಅನ್ನುವ ಹಟವೋ ಏನೋ, ಅವತ್ತು ನಡುಕ ಬಂತು. ನಾನು ಮಾಡಿದ್ದಲ್ಲ, ಬಂದದ್ದು. ಹೊಲಿಗೆ ಬಿದ್ದ ಮೇಲೆ ಮರಗಟ್ಟಿದ್ದ ಹೊಟ್ಟೆಗೆ ಜೀವ ಬಂದಿತ್ತು. ಕಣ್ಣು ಮುಚ್ಚಿದೆ. ಅಷ್ಟು ಸುಖ ನನಗೆ ಬೇರೆ ಯಾವುದರಿಂದಲೂ ಸಿಕ್ಕಿರಲಿಲ್ಲ, ಯಾರು ಏನಾದರೂ ಅಂದುಕೊಳ್ಳಲಿ. ಮೋಟಾರ್ ಮರೆತೇಹೋಯಿತು.

ಟ್ಯಾಂಕ್ ತುಂಬಿ ನೀರು ಬೀದಿಗೆ ಸುರಿಯಿತು. ಮಂಡಿನೋವಿನ ಅತ್ತೆ ನನ್ನನ್ನು ಬೈಯುತ್ತಲೇ ನಾಲ್ಕು ಮಹಡಿ ಹತ್ತಿದ್ದಾರೆ. ನಾನು ಕಣ್ಣು ಬಿಟ್ಟಾಗ ಅವರು ಬಾಗಿಲಲ್ಲಿ ನಿಂತಿದ್ದರು. ಬೈಗುಳ ನಿಂತಿತ್ತು. ಬಿಚ್ಚುಗೂದಲು, ಬೆವರು, ನಡುಗುವ ಮೈ, ಸೊಂಟದಲ್ಲಿ ಝಣಝಣ. ಮೆಲ್ಲಗೆ ನೆಲಕ್ಕೆ ಕೂತು ಕೈ ಮುಗಿದರು.

"ತಪ್ಪಾಯ್ತು ಕಣವ್ವ. ಗುಡಿ ಕಟ್ಟಿಸ್ತೀವಿ ಅಂತ ಮಾತು ಕೊಟ್ಟು ಕಟ್ಟಿಸ್ಲಿಲ್ಲ. ಇಂಗೆ ಬಂದು ಕೇಳೋ ಅಂಗಾಯ್ತಾ ತಾಯಿ?"

ಹೊಲದ ಬದುವಿನಲ್ಲಿ, ಬೇವಿನ ಮರದಡಿ, ಅರಿಶಿನ ಬಳಿದ ಕಲ್ಲೊಂದು ಇತ್ತಂತೆ. ಅದೇ ಅವರ ಮನೆದೇವತೆ, ಅಮ್ಮ. ಪಾಯ ತೋಡುವಾಗ ಅದನ್ನು ಎತ್ತಿ ಕಾಂಪೌಂಡಿನ ಮೂಲೆಯಲ್ಲಿಟ್ಟವರು ಆಮೇಲೆ ಅತ್ತ ತಿರುಗಿ ನೋಡಿರಲಿಲ್ಲ. ಅತ್ತೆಗೆ ಆ ಅಳುಕು ಮೊದಲಿನಿಂದಲೂ ಇತ್ತು.

"ಅತ್ತೆ, ನಾನು ಫೋನ್ ನೋಡ್ಕೊಂಡು ವ್ಯಾಯಾಮ ಮಾಡ್ತಿದ್ದೆ" ಎಂದು ನಾನು ಹೇಳಬೇಕಿತ್ತು. ಅಷ್ಟರಲ್ಲಿ ಊಟಕ್ಕೆ ಬಂದಿದ್ದ ಯಜಮಾನರೂ ನೀರು ಸುರಿಯುವುದನ್ನು ಕಂಡು ಓಡಿಬಂದರು. ಅವರ ಮುಖ ನೋಡಿದ್ದೇ ನನಗೆ ಸೋಮವಾರ ನೆನಪಾಯಿತು. ಮಂಡಿಗಳನ್ನು ನಿಲ್ಲಿಸಲಿಲ್ಲ.

"ಈ ಮನೆ ನಂಗೆ ಬೇಕು. ಯಾರಿಗೂ ಕೊಡ್ಬೇಡಿ," ಅಂದೆ.

ಹಿಂದಿನ ರಾತ್ರಿ ಹೇಳಿದ್ದೂ ಇದೇ ಮಾತು. ಯಜಮಾನರು ಚಪ್ಪಲಿ ಬಿಟ್ಟು ಕೈ ಮುಗಿದರು. "ಆಗ್ಲಿ ತಾಯಿ." ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ನನ್ನ ಒಂದು ಮಾತಿಗೆ ಅವರು ಆಗಲಿ ಅಂದದ್ದು ಅದೇ ಮೊದಲು. ಗೆದ್ದೆ ಅಂದುಕೊಂಡೆ, ದಡ್ಡಿ.

ಅವರು ಮಾತು ಉಳಿಸಿಕೊಂಡರು. ಬಾಡಿಗೆಯವರಿಗೆ ಇಲ್ಲ ಅಂದರು. ಮೂಲೆಯಲ್ಲಿದ್ದ ಕಲ್ಲನ್ನು ತೊಳೆದು ಮೇಲೆ ತಂದು, ಬೀರು ಇದ್ದ ಗೋಡೆಗೇ ಪ್ರತಿಷ್ಠೆ ಮಾಡಿಸಿದರು. ಕನ್ನಡಿಯ ಸಮೇತ ಬೀರು ಗುಜರಿಗೆ ಹೋಯಿತು. ಬಾಗಿಲಿಗೆ ಹೊಸ ಬೀಗ ಬಿತ್ತು. ಆ ಬೀಗದ ಕೈ ಅತ್ತೆಯ ಸೊಂಟದಲ್ಲಿದೆ. "ನೀನು ಎಲ್ಲಾರ ಮನೆ ಮೈಲಿಗೆ ಮುಟ್ಟೋಳು, ನಿಂಗ್ಯಾಕೆ," ಅಂದರು. ನೆಂಟರಿಗೆ ಮಾತ್ರ ಬೇರೆ ಕಥೆ: "ಮುಟ್ಟು ನಿಂತ ಸುದ್ಧವಾದ ಮೈ, ಅದಕ್ಕೇ ಅಮ್ಮ ಒಪ್ಪವ್ಳೆ." ಕೆಲಸವಿಲ್ಲದ ಹೊಟ್ಟೆಗೆ ಕೆಲಸ ಸಿಕ್ಕಿತ್ತು.

ಈಗ ಶುಕ್ರವಾರ ಮಾತ್ರ ಆ ಬಾಗಿಲು ತೆಗೆಯುತ್ತಾರೆ. ಕರ್ಪೂರ ಹಚ್ಚಿ, ಹತ್ತು ಹನ್ನೆರಡು ಜನ ಕೂತು ನನ್ನನ್ನೇ ನೋಡುತ್ತಾರೆ. ಕೆಲವರು ತಮ್ಮ ಮಗಳ ಮದುವೆ ಯಾವಾಗ ಅಂತ ಕೇಳುತ್ತಾರೆ. ನಾನು ಕೂದಲು ಬಿಚ್ಚಿಕೊಂಡು ಹನ್ನೊಂದನೇ ಪಾಠ ಮಾಡುತ್ತೇನೆ. ಹನ್ನೆರಡನೆಯದನ್ನು ನೋಡಲು ಜಾಗವಿಲ್ಲ. ವಿಡಿಯೊದವಳು ಪ್ರತಿ ಪಾಠದ ಕೊನೆಗೂ ನಗಿ ಎಂದು ಸನ್ನೆ ಮಾಡುತ್ತಿದ್ದಳು. ಅಮ್ಮ ನಗುವ ಹಾಗಿಲ್ಲ.

ಹೋದ ಶುಕ್ರವಾರ ಮಂಡಿ ನೋಯುತ್ತಿತ್ತು, ಇವತ್ತು ಬೇಡ ಅತ್ತೆ ಅಂದೆ. ಅವರು ಬೀಗ ತೆಗೆಯುತ್ತಿದ್ದವರು ತಿರುಗಿಯೂ ನೋಡದೆ, "ನಿನ್ನ ಯಾರ್ ಕೇಳಿದ್ರು?" ಅಂದರು.