ಪಾರ್ವತೀಬಾಯಿಯವರ ನೀರುಗಿಡಕ್ಕೆ ಕಬ್ಬಿಣ

ಪಾರ್ವತೀಬಾಯಿ ಕಮಲಾಪುರದ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ಸೋಮವಾರ ಬಂತೆಂದರೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಕಬ್ಬಿಣದ ಗುಳಿಗೆ ಕೊಟ್ಟು, ಎದುರಿಗೇ ನುಂಗಿಸುತ್ತಿದ್ದರು. ಈಗ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ಮನೆಯಲ್ಲಿ ಅವರ ಆರೈಕೆಗೆ ಸಿಕ್ಕಿದ್ದು ಒಂದು ಗಾಜಿನ ತೊಟ್ಟಿ, ಅದರೊಳಗಿನ ಒಂಬತ್ತು ಮೀನು ಮತ್ತು ಒಂದಿಷ್ಟು ನೀರುಗಿಡ. ಮೀನುಗಳು ತಮ್ಮ ಪಾಡಿಗೆ ಚೆನ್ನಾಗಿದ್ದವು. ಗಿಡಗಳದ್ದೇ ಚಿಂತೆ, ಹೊಸದಾಗಿ ಚಿಗುರಿದ ಎಲೆಯೆಲ್ಲ ಅರಿಸಿನ ಹಚ್ಚಿದಂತೆ ಹಳದಿ.

ಮೀನಿನ ಅಂಗಡಿಯ ವಹಾಬ್ ಎಲೆ ನೋಡಿ ಕಬ್ಬಿಣ ಕಡಿಮೆಯಾಗಿದೆ ಎಂದ. ಔಷಧದ ಬಾಟಲಿ ಬರಲು ಒಂದು ವಾರ ಬೇಕಂತೆ. ಕಬ್ಬಿಣದ ವಿಷಯದಲ್ಲಿ ಪಾರ್ವತೀಬಾಯಿ ಯಾರಿಗೂ ಕಾಯುವವರಲ್ಲ. ಮನೆಗೆ ಬಂದವರೇ ತುಕ್ಕು ಹಿಡಿದ ಮೊಳೆ, ಮುರಿದ ಚಿಲಕ, ಬಾಗಿಲ ಕೀಲು ಎಲ್ಲವನ್ನೂ ತೊಟ್ಟಿಗಿಳಿಸಿದರು. ನಾಲ್ಕು ದಿನಕ್ಕೆ ನೀರು ಕಾವಿ ಬಣ್ಣಕ್ಕೆ ತಿರುಗಿತು.

ಯಜಮಾನರಾದ ಗೋಪಾಲರಾಯರು ಪೇಪರಿನಿಂದ ತಲೆಯೆತ್ತಿ ಕೇಳಿದರು: "ಮೀನು ಸನ್ಯಾಸ ತಗೊಂಡಾವೇನು?"

ಎಲೆಗಳು ಮಾತ್ರ ಹಳದಿಯಾಗಿಯೇ ಉಳಿದವು. ವಹಾಬ್ ಮನೆಗೇ ಬಂದು ನೋಡಿ, ನಗು ತಡೆದುಕೊಂಡು ಹೇಳಿದ: "ಮೇಡಂ, ಮೊಳೀದ ಜಂಗು ನೀರಾಗ ಕರಗಂಗಿಲ್ರಿ. ಕರಗದ್ದು ಗಿಡಕ್ಕ ಹತ್ತಂಗಿಲ್ಲ. ಬೇರಿನ ಬುಡಕ, ಗಾಳಿ ಆಡದಲ್ಲಿ ಕೆಂಪು ಮಣ್ಣು ಇಡ್ರಿ. ಅಲ್ಲಿ ಅದು ಕರಗತದ."

ತುಕ್ಕಿನ ಪಾಠವನ್ನು ಇಪ್ಪತ್ತೊಂಬತ್ತು ಸಲ ಮಾಡಿದ್ದ ಪಾರ್ವತೀಬಾಯಿ ತೆಪ್ಪಗೆ ಮೊಳೆ, ಚಿಲಕ, ಕೀಲು ತೆಗೆದು, ನೀರು ಬದಲಿಸಿ, ಮರುದಿನ ಕಮಲಾಪುರದ ಬಸ್ಸು ಹತ್ತಿದರು. ಕೆಂಪು ಮಣ್ಣೆಂದರೆ ಅಲ್ಲಿಯದೇ.

ಹಳೆಯ ವಿದ್ಯಾರ್ಥಿನಿ ಮಾಳಮ್ಮ ಅಲ್ಲಿ ಕೆಂಪು ಬಾಳೆ ಬೆಳೆಯುತ್ತಿದ್ದಳು. ಟೀಚರು ಬಂದ ಕಾರಣ ಕೇಳಿ, ಸಲಿಕೆ ಹಿಡಿದು ತೋಟಕ್ಕೆ ನಡೆದವಳು ಒಂದು ಮೂಲೆಯಲ್ಲಿ ನಿಂತಳು.

"ಇಲ್ಲೀದ ಒಯ್ರಿ ಟೀಚರ್. ನೀವು ಕೊಟ್ಟ ಗುಳಿಗಿ ನಾ ಒಂದೂ ನುಂಗಿಲ್ರಿ. ದವಡ್ಯಾಗ ಇಟ್ಕೊಂಡು ಬಂದು ಇಲ್ಲೇ ಉಗುಳ್ತಿದ್ದೆ."

ಎದುರಿಗೆ ಬಾಳೆಗಿಡ ಆಳೆತ್ತರದ ಗೊನೆ ಹೊತ್ತು ಬಾಗಿ ನಿಂತಿತ್ತು. ಬೈಯಬೇಕೋ ಶಹಬ್ಬಾಸ್ ಅನ್ನಬೇಕೋ ತಿಳಿಯದೆ, ಪಾರ್ವತೀಬಾಯಿ ಚೀಲದ ಬಾಯಿ ಬಿಚ್ಚಿ ಹಿಡಿದರು.

ಮನೆಯಲ್ಲಿ ಮಣ್ಣು ಕಲಸಿ, ಉಂಡೆ ಕಟ್ಟಿ, ತಟ್ಟೆಯಲ್ಲಿ ಒಣಗಿಸಿದರು. ಗೋಪಾಲರಾಯರು ಒಂದನ್ನು ಎತ್ತಿ ಮೂಸಿ ನೋಡಿ ಹಾಗೇ ಇಟ್ಟರು. ಉಂಡೆಗಳನ್ನು ತೊಟ್ಟಿಯ ತಳದ ಜಲ್ಲಿಯ ಕೆಳಗೆ, ಬೇರಿನ ಪಕ್ಕಕ್ಕೆ ಒತ್ತಿದ್ದಾಯಿತು. ನೀರು ತಿಳಿಯಾಗಿಯೇ ಇತ್ತು. ಮೂರನೆಯ ವಾರ ನಡುವಿನ ಗಿಡದಲ್ಲಿ ಕಿರುಬೆರಳಿನಷ್ಟು ಎಲೆಯೊಂದು ಬಂತು, ಅಪ್ಪಟ ಹಸಿರು. ಪಾರ್ವತೀಬಾಯಿ ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು, ಆಮೇಲೆ ಗಂಡನನ್ನು ಕರೆದು ತೋರಿಸಿದರು.

ಸುದ್ದಿ ತಿಳಿದು ಮಾಳಮ್ಮ ಒಂದು ಮಧ್ಯಾಹ್ನ ನೋಡಲು ಬಂದಳು. ತೊಟ್ಟಿಯ ಮುಂದೆ ಕುಳಿತು, ಇದು ಹೂ ಬಿಡುತ್ತದೆಯೇ, ಕಾಯಿ ಬಿಡುತ್ತದೆಯೇ, ಪಲ್ಯಕ್ಕಾದರೂ ಆಗುತ್ತದೆಯೇ ಎಂದು ಕೇಳಿದಳು. ಪಾರ್ವತೀಬಾಯಿ ಎಲ್ಲಕ್ಕೂ ಇಲ್ಲವೆಂದರು.

"ಮತ್ತ ಯಾತಕ್ರಿ ಇದು?"

"ಸುಮ್ನ ನೋಡ್ಲಿಕ್ಕ."

ಮಾಳಮ್ಮ ಸುಮ್ಮನೆ ನೋಡತೊಡಗಿದಳು. ಕಮಲಾಪುರದ ನಾಲ್ಕು ಗಂಟೆಯ ಬಸ್ಸು ಹೋಯಿತು, ಐದರದ್ದೂ ಹೋಯಿತು.